ಅಜ್ಜಿ ಫೋನು ಬಂದ ವರ್ಷ

ಕಳೆದ ತಿಂಗಳು ನಾಗಮಂಗಲದ ಕ್ರೀಡಾಂಗಣದಲ್ಲಿ ನಾನು ಮಾಡಿದ ಕೆಲಸಕ್ಕೆ ಜೊತೆಯ ಮೇಷ್ಟ್ರುಗಳೆಲ್ಲ ಸೇರಿ ನನ್ನನ್ನು ಬೈದರು. ನಾನೀಗ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಟೀಚರು. ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ನಾಲ್ಕು ಪಾಯಿಂಟ್ ಹಿಂದಿದ್ದೆವು. ನಮ್ಮ ತಂಡದ ಗಟ್ಟಿ ಆಟಗಾರ್ತಿಯ ಅಪ್ಪ ಗೇಟಿನ ಹತ್ತಿರ ಬೈಕು ನಿಲ್ಲಿಸಿ ಬಂದು, "ಮೇಡಂ, ಇವಳ ಅಜ್ಜಿಗೆ ಉಸಾರಿಲ್ಲ, ಮಗೀನ ಕಳುಸ್ತೀರಾ?" ಅಂದ. ನಾನು ಟೈಂಔಟ್ ಕೇಳಿ, ಹುಡುಗಿಯನ್ನು ಕೋರ್ಟಿನಿಂದ ಹೊರಗೆ ಕರೆದು, ಅವಳ ಬ್ಯಾಗನ್ನು ನಾನೇ ತಂದುಕೊಟ್ಟು ಬೈಕು ಹತ್ತಿಸಿದೆ. ಏನಾಗಿದೆ, ಯಾವ ಆಸ್ಪತ್ರೆ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸೋತೆವು. "ನಿಜವೋ ಸುಳ್ಳೋ ಅಂತಾದರೂ ವಿಚಾರಿಸಬಾರದಾ?" ಎಂದರು. ಸುಳ್ಳಾಗಿದ್ದರೆ ನನಗಿಂತ ಸಂತೋಷಪಡುವವರು ಯಾರೂ ಇಲ್ಲ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಅವರಿಗೆ ಹೇಗೆ ಗೊತ್ತಾಗಬೇಕು? ಇದೇ ಅಂಗಳದಲ್ಲಿ, ಬಿಸಿಲಿಗೆ ಕಾದ ರಬ್ಬರ್ ಚೆಂಡಿನ ಇದೇ ವಾಸನೆಯ ಪಕ್ಕದಲ್ಲಿ ಕೂತು, ಹಿಂದೊಂದು ಸಲ ನಾನು ವಿಚಾರಿಸಿದ್ದೆ.

ಡಿಗ್ರಿಯ ಕೊನೆಯ ವರ್ಷ ಅದು. ಪಾಂಡವಪುರದ ಕಾಲೇಜು. ನಮ್ಮ ಕೋರ್ಟು ಅಂದರೆ ಬಿರುಕು ಬಿಟ್ಟ ಸಿಮೆಂಟು ನೆಲ, ಎರಡು ಕಬ್ಬಿಣದ ಕಂಬ, ಅದರಲ್ಲಿ ಒಂದು ಸ್ವಲ್ಪ ರಸ್ತೆಯ ಕಡೆಗೆ ವಾಲಿತ್ತು. ಕಾಂಪೌಂಡಿನಾಚೆ ಕಬ್ಬು ಹೇರಿದ ಟ್ರಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು, ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿದರೆ ಬೆಲ್ಲ ಸೀದ ವಾಸನೆ ಇಡೀ ಊರಿಗೇ ಹತ್ತಿಕೊಳ್ಳುತ್ತಿತ್ತು. ಅಭ್ಯಾಸ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂದು ಹೇಳುತ್ತಿದ್ದವರು ನಮ್ಮ ಪಿ.ಟಿ. ಸರೋಜಾ ಮೇಡಂ ಅಲ್ಲ, ಬಸ್ಸುಗಳು. ದಿವ್ಯಳಿಗೆ ನಾಗಮಂಗಲದ ಬಸ್ಸು, ಆಯಿಷಾಗೆ ಶ್ರೀರಂಗಪಟ್ಟಣದ್ದು, ನನಗೆ ಶ್ರೀರಂಗಪಟ್ಟಣದಲ್ಲಿ ಇಳಿದು ಮತ್ತೆ ಬೆಳಗೊಳದ್ದು. ಎಲ್ಲರಿಗಿಂತ ದೂರ ಪವಿತ್ರಳದು: ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಸಿಂಧಘಟ್ಟ. ಹಾರ್ನ್ ಕೇಳಿದ ಕೂಡಲೇ ಜರ್ಸಿಯ ಮೇಲೇ ಚೂಡಿದಾರದ ಟಾಪು ಎಳೆದುಕೊಂಡು ಓಡುವುದು. ನಮ್ಮ ಓಟ ಅಷ್ಟು ಚೆನ್ನಾಗಿದ್ದದ್ದಕ್ಕೆ ಬಸ್‌ಸ್ಟ್ಯಾಂಡೇ ಕಾರಣ ಎಂದು ಮೇಡಂ ನಗುತ್ತಿದ್ದರು.

ಪವಿ ಸಣಕಲು, ಎತ್ತರ, ಮಾತು ಕಡಿಮೆ. ಆದರೆ ಕೋರ್ಟಿನೊಳಗೆ ಕಾಲಿಟ್ಟರೆ ಬಾಯಿ ನಿಲ್ಲುತ್ತಿರಲಿಲ್ಲ. ಯಾರು ಎಲ್ಲಿ ಓಡಬೇಕು, ಯಾರ ಬೆನ್ನ ಹಿಂದೆ ಯಾರಿದ್ದಾರೆ, ಎಲ್ಲವನ್ನೂ ಕೂಗಿ ಹೇಳುವವಳು ಅವಳೇ. ಅವಳು ಕೂಗುತ್ತಿದ್ದಳು, ನಾನು ಹೋಗಿ ನಿಲ್ಲುತ್ತಿದ್ದೆ, ಚೆಂಡು ಕೈಗೇ ಬರುತ್ತಿತ್ತು. ತರಗತಿಯಲ್ಲಿ ಒಂದೇ ಬೆಂಚು. ಅವಳ ಡಬ್ಬಿಯ ಹುರುಳಿಕಾಳಿನ ಬಸ್ಸಾರು ನನಗೆ, ನನ್ನ ಚಿತ್ರಾನ್ನ ಅವಳಿಗೆ. ಎರಡು ವರ್ಷದಲ್ಲಿ ನನ್ನ ಊಟ ನಾನೇ ಉಂಡದ್ದು ಅವಳಿಗೆ ಜ್ವರ ಬಂದಾಗ ಮಾತ್ರ ಇರಬೇಕು. ಅವಳಿಗೆ ಅಮ್ಮ ಇರಲಿಲ್ಲ. ಅಪ್ಪ ಬೇರೆ ಮದುವೆಯಾಗಿ ಬೇರೆ ಊರಿನಲ್ಲಿದ್ದರು. ಸಾಕಿದವಳು ಅಜ್ಜಿ ನಿಂಗಮ್ಮ, ಅದೇ ಮನೆಯಲ್ಲಿ ಚಿಕ್ಕಪ್ಪ. ಹುಡುಗಿ ಚೆಡ್ಡಿ ಹಾಕಿಕೊಂಡು ಆಡುತ್ತಾಳೆ ಎಂದು ಊರಲ್ಲಿ ಯಾರೋ ಅಂದಾಗ, "ನಿನ್ ಮಗ ಲುಂಗಿ ಎತ್ಕಟ್ಕೊಂಡು ಬೀದೀಲಿ ತಿರುಗ್ತಾನಲ್ಲ, ಅದ್ಕಿಂತ ಉದ್ದ ಅದೆ ಬುಡು" ಎಂದು ಬಾಯಿ ಮುಚ್ಚಿಸಿದವಳು ಆ ಅಜ್ಜಿ.

ಇನ್ನು ಫೋನಿನ ವಿಷಯ. ಆಡುವಾಗ ಎಲ್ಲರ ಮೊಬೈಲನ್ನೂ ಒಂದು ವೈರ್ ಬ್ಯಾಗಿಗೆ ಹಾಕುವುದು, ಆ ದಿನ ಆಡದೆ ಹೊರಗೆ ಕೂತವರು ಬ್ಯಾಗು ಕಾಯುವುದು, ಮನೆಯಿಂದ ಫೋನು ಬಂದರೆ ಎತ್ತಿ "ಕ್ಲಾಸಲ್ಲವ್ಳೆ" ಅನ್ನುವುದು. ಇದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಆ ವರ್ಷ ಶ್ರಾವಣದಲ್ಲಿ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿತು. ಪಂದ್ಯದ ಹಿಂದಿನ ದಿನ ದಿವ್ಯಳಿಗೆ ಫೋನು ಬಂತು: ಅಜ್ಜಿಗೆ ಜೀವ ಹೋಗೋ ಹಾಗಿದೆ, ಹೊರಡು. ಅವಳು ದಾರಿಯುದ್ದಕ್ಕೂ ಅತ್ತುಕೊಂಡು ನಾಗಮಂಗಲಕ್ಕೆ ಹೋದರೆ ಅಜ್ಜಿ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ! ಒಳಗೆ ಚಾಪೆ ಹಾಸಿದೆ, ಬೆಳ್ಳೂರು ಕಡೆಯ ಗಂಡಿನವರು ಉಪ್ಪಿಟ್ಟು ಕೇಸರಿಬಾತು ತಿನ್ನುತ್ತಿದ್ದಾರೆ. ನಾವು ಆ ಪಂದ್ಯ ಸೋತೆವು, ದಿವ್ಯಳಿಗೆ ಆ ಗಂಡೂ ಕುದುರಲಿಲ್ಲ. ಅಲ್ಲಿಂದ ಇಂಥ ಕರೆಗೆಲ್ಲ ನಾವು 'ಅಜ್ಜಿ ಫೋನು' ಎಂದು ಹೆಸರಿಟ್ಟೆವು. ಅಜ್ಜಿ ಫೋನು ಬಂದರೆ ಆಡುವವರಿಗೆ ತಿಳಿಸಬಾರದು, ಆಟ ಮುಗಿದ ಮೇಲೇ ಹೇಳಬೇಕು ಎಂಬುದು ಕಟ್ಟಳೆ. ಇದನ್ನು ಮಾಡಿದವಳು ನಾನೇ. ಭಾರಿ ಬುದ್ಧಿವಂತೆ ಎಂದುಕೊಂಡಿದ್ದೆ.

ಪವಿಗೆ ಅಂಥ ಫೋನು ಎರಡು ಸಲ ಬಂತು, ಎರಡು ಸಲವೂ ಚಿಕ್ಕಪ್ಪನೇ ಮಾಡಿದ್ದು. ಎರಡನೆಯ ಸಲ ಅವಳು ಹೋಗಿ ವಾಪಸ್ ಬಂದ ಸ್ವಲ್ಪ ದಿನಕ್ಕೆ ಪಕ್ಷದ ಹಬ್ಬ ಬಂತು, ಅವಳು ನಮ್ಮನ್ನೆಲ್ಲ ಸಿಂಧಘಟ್ಟಕ್ಕೆ ಊಟಕ್ಕೆ ಕರೆದಳು. ಕೊಟ್ಟಿಗೆಯ ಗೋಡೆಗೆ ಒಂದು ಕಬ್ಬಿಣದ ಬಳೆ ಹೊಡೆದಿತ್ತು. ಅದನ್ನು ಮಾಡಿಸಿ ಹೊಡೆದುಕೊಟ್ಟವರು ಇದೇ ಚಿಕ್ಕಪ್ಪ. ಅದಕ್ಕೆ ನಾವು ಚೆಂಡು ಹಾಕುವುದನ್ನು ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಅಲ್ಲ ಕಣ್ರವ್ವ, ಆಕ್ತೀರಿ, ಬೀಳ್ತದೆ, ಮತ್ತೆ ಆಕ್ತೀರಿ. ತಳಾನೇ ಇಲ್ವಲ್ಲ! ಒಂದ್ ಗೋಣೀಚೀಲ ವಲ್ದ್ಬುಡ್ಲಾ, ನಿಂತ್ಕೋತದೆ?" ಎಂದಳು. ನಾವು ನಕ್ಕು ನಕ್ಕು ಸಗಣಿ ನೆಲದ ಮೇಲೇ ಕೂತುಬಿಟ್ಟೆವು.

ಊಟಕ್ಕೆ ಕೂತಾಗ ಆಯಿಷಾ ಅಜ್ಜಿ ಫೋನಿನ ಕಥೆ ತೆಗೆದಳು. ಬಡಿಸುತ್ತಿದ್ದ ಚಿಕ್ಕಪ್ಪನ ಕೈ ನಿಂತಿತು, ಮುಖ ಕೆಂಪಾಯಿತು. ಅಜ್ಜಿ ಬಿಡಲಿಲ್ಲ.

"ಕೇಳು, ಚೆನ್ನಾಗಿ ಕೇಳು. ಎರ್ಡ್ ಸತಿ ಸಾಯ್ಸವ್ನೆ ನನ್ನ ಈ ನನ್ಮಗ. ನೋಡವ್ವ ಪವಿತ್ರ, ನಿನ್ ಗೆಣಕಾತೀರ್ ಮುಂದೇನೇ ಏಳ್ತೀನಿ. ನನ್ಗೆ ನಿಜ್ವಾಗ್ಲೂ ಏನಾರ ಆದ್ರೆ ನಾನೇ ಫೋನಲ್ಲಿ ಮಾತಾಡ್ತೀನಿ. ನನ್ ದನಿ ಕೇಳುದ್ರೆ ಬಾ. ಇಲ್ದೋದ್ರೆ ಆಡ್ಕೊಂಡಿರು."

"ಸರಿ ಅಜ್ಜಿ, ನಿಮ್ಮ ದನಿ ಕೇಳದೆ ನಾವು ಕಳಿಸಲ್ಲ" ಎಂದೆ ನಾನು, ಬಾಯಿತುಂಬ ಅನ್ನ ಇಟ್ಟುಕೊಂಡು.

ದೀಪಾವಳಿ ಕಳೆದ ಮೇಲೆ ನಾಗಮಂಗಲದಲ್ಲಿ ಅಂತರ ಕಾಲೇಜು ಪಂದ್ಯ. ಫೈನಲ್ಲಿನ ಹಿಂದಿನ ದಿನ ನನ್ನ ಕಾಲು ಉಳುಕಿತು. ಅಲ್ಲಿಗೆ ಬ್ಯಾಗು ನನ್ನ ಮಡಿಲಿಗೆ ಬಂತು. ಬೆಳಗಿನ ಆಟ, ಹಿತವಾದ ಬಿಸಿಲು. ಪವಿ ಅವತ್ತು ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ಆಮೇಲೂ ನೋಡಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಚಿಕ್ಕಪ್ಪ.

"ಪವಿತ್ರನ್ ಕೊಡವ್ವ. ಅವ್ವುಂಗೆ ಉಸಾರಿಲ್ಲ, ಬೇಗ ಬರಬೇಕಂತೆ ಅನ್ನು."

ನನಗೆ ನಗು ಬಂತು. "ಅಜ್ಜಿ ಕೈಗೆ ಫೋನ್ ಕೊಡಿ ಚಿಕ್ಕಪ್ಪ, ಮಾತಾಡಲಿ."

"ಮಾತಾಡಕ್ಕಾಯ್ತಿಲ್ಲ ಕಣವ್ವ, ಬಾಯಿ ವಾರೆ ಆಗ್ಬುಟ್ಟದೆ."

"ಸರಿ ಸರಿ. ಈ ಸಲ ಯಾವೂರ ಗಂಡು?"

ಆ ಕಡೆ ಹಸು ಕೂಗಿದ್ದು, ಯಾರೋ ಹೆಂಗಸರು ಏನೋ ಹೇಳಿದ್ದು ಕೇಳಿಸಿತು. ಆಮೇಲೆ ಅವರು ಫೋನು ಇಟ್ಟರು. ಸಿಕ್ಕಿಬಿದ್ದರು ನೋಡು ಎಂದುಕೊಂಡೆ. ಮತ್ತೆ ಮತ್ತೆ ಬಂದಾಗ ಎಲ್ಲ ಫೋನುಗಳನ್ನೂ ಸೈಲೆಂಟಿಗೆ ಹಾಕಿ ಬ್ಯಾಗಿನ ಬಾಯಿ ಕಟ್ಟಿದೆ. ಹಾಫ್ ಟೈಮಿನಲ್ಲಿ ಪವಿ ಬಂದು ನೀರು ಕುಡಿದು, "ಮನೆಯಿಂದ ಮಾಡಿದ್ರೇನೆ?" ಎಂದು ಕೇಳಿದಳು. "ಇಲ್ಲ, ಯಾರೂ ಇಲ್ಲ, ನೀನು ಆಡು" ಎಂದೆ. ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಆ ಸಲೀಸು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡು ಪಾಯಿಂಟಿನಿಂದ ಗೆದ್ದೆವು. ಕುಣಿದೆವು. ಬಹುಮಾನ ಕೊಡಲು ಬಂದಿದ್ದ ಅತಿಥಿಯೊಬ್ಬರು ಹೆಣ್ಣುಮಕ್ಕಳಿಗೆ ಧೈರ್ಯ ಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿದರು, ಆಮೇಲೆ ಪುಳಿಯೋಗರೆ ಕೊಟ್ಟರು. ಒಂದು ಗಂಟೆಗೆ ನಾನು ಬ್ಯಾಗು ಬಿಚ್ಚಿ ಒಬ್ಬೊಬ್ಬರಿಗೇ ಫೋನು ಹಂಚಿದೆ. ಪವಿ ತನ್ನದನ್ನು ನೋಡಿ ಕೂಡಲೇ ಮನೆಗೆ ಮಾಡಿದಳು. "ಇನ್ನೂ ಉಸುರದೆ, ಬಾ" ಎಂದರಂತೆ ಚಿಕ್ಕಪ್ಪ. ಅವಳು ಪುಳಿಯೋಗರೆಯ ತಟ್ಟೆಯನ್ನು ನೆಲದ ಮೇಲಿಟ್ಟು ಮತ್ತೆ ಫೋನು ನೋಡಿದಳು. ತಪ್ಪಿದ ಕರೆಗಳ ಕೆಳಗೆ ಎತ್ತಿದ ಕರೆ ಒಂದಿತ್ತು.

"ನೀನು ಎತ್ತಿದ್ಯಾ?"

"ಹೂಂ."

"ಏನಂದೆ?"

ಸುಳ್ಳು ಹೇಳಬಹುದಿತ್ತು. ಬೆಳಿಗ್ಗೆ ಹೇಳಿದ್ದು ಸಾಕಾಗಿತ್ತೇನೋ, ನಾಲಿಗೆ ಹೊರಳಲಿಲ್ಲ. "ಯಾವೂರ ಗಂಡು ಅಂತ ಕೇಳಿದೆ" ಎಂದೆ. ಅವಳು ನನ್ನನ್ನು ನೋಡಿದಳು. ಮೇಡಂ ಅವಳ ಕೈಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದರು. ಕುಂಟುತ್ತ ಹಿಂದೆ ಹೋದ ನನಗೆ ಬಸ್ಸಿನ ಬೆನ್ನು ಮಾತ್ರ ಕಂಡಿತು. ಕೆ.ಆರ್. ಪೇಟೆಯ ಸ್ಟ್ಯಾಂಡಿನಲ್ಲಿ ಅವರು ಸಿಂಧಘಟ್ಟದ ಬಸ್ಸಿಗೆ ಕಾಯುತ್ತಿದ್ದಾಗ ಅಜ್ಜಿಯ ಜೀವ ಹೋಯಿತು. ಹತ್ತು ಗಂಟೆಗೆ ಹೊರಟಿದ್ದರೆ ಹನ್ನೆರಡೂವರೆಗೆ ಮನೆಯಲ್ಲಿರುತ್ತಿದ್ದಳು. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ ನನಗೇ ಗೊತ್ತಿಲ್ಲ. ನಿಧಾನದ ಬಸ್ಸು ಹಾಕಿ ಮಾಡಿದ್ದೇನೆ, ಪೇಟೆಯಲ್ಲಿ ಒಂದು ಗಂಟೆ ಕಾಯಿಸಿ ಮಾಡಿದ್ದೇನೆ. ಹೇಗೆ ಮಾಡಿದರೂ ಅವಳು ಮುಟ್ಟುತ್ತಾಳೆ.

ಹನ್ನೊಂದನೆಯ ದಿನದ ತಿಥಿಗೆ ತಂಡದವರೆಲ್ಲ ಹೋದೆವು. ನಾನು ಬರುವುದಿಲ್ಲ ಎಂದೆ, ಮೇಡಂ ಬಿಡಲಿಲ್ಲ. ಪವಿ ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದಳು, ಹೊರಗೆ ಬರಲಿಲ್ಲ. ಎಲೆ ಹಾಕಿ ಬಡಿಸುವಾಗ ಚಿಕ್ಕಪ್ಪ ನನ್ನ ಮುಂದೆ ಸಾರಿನ ಬಕೆಟ್ಟು ಹಿಡಿದು ನಿಂತರು. ತಲೆ ಬೋಳಿಸಿಕೊಂಡಿದ್ದರಿಂದ ಮೊದಲು ಗುರುತೇ ಸಿಗಲಿಲ್ಲ.

"ಫೋನ್ ಎತ್ತುದ್ದು ನೀನೇ ಅಲ್ವೇನವ್ವ?"

ತಲೆಯಾಡಿಸಿದೆ.

"ಬ್ಯಾಸ್ರ ಮಾಡ್ಕೋಬ್ಯಾಡ ಕಣವ್ವ. ಎರ್ಡ್ ಸತಿ ಸುಳ್ಳೇಳುದ್ನಲ್ಲ ನಾನು, ಮೂರ್ನೇ ಸತಿ ನಿಜ ಏಳುದ್ರೆ ಯಾರ್ ನಂಬ್ತಾರೆ? ನೀನ್ ಕೇಳ್ದಾಗ ನನ್ಗೆ ಬಾಯೇ ಬರ್ನಿಲ್ಲ. ಅವ್ವ ನೋಡುದ್ರೆ ಬಾಕ್ಲ ಕಡೀಕೆ ಕಣ್ಣು. ಬಸ್ಸಿನ್ ಸದ್ದಾದಾಗೆಲ್ಲ ಕತ್ ತಿರುಗುಸ್ತಿದ್ಲು. ಉಣ್ಣವ್ವ, ಉಣ್ಣು."

ಅವರು ಎರಡು ಸೌಟು ಸಾರು ಹೆಚ್ಚಿಗೆ ಹಾಕಿ ಮುಂದೆ ಹೋದರು. ಕೆನ್ನೆಗೆ ಎರಡು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತನ್ನು ಇವತ್ತಿಗೂ ತಡೆದುಕೊಳ್ಳಲು ಆಗಿಲ್ಲ.

ಪವಿ ಕಾಲೇಜಿಗೆ ಬಂದಳು. ಬೆಂಚು ಬದಲಾಯಿಸಿದಳು. ಒಂದು ದಿನ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ತಡೆದು, ತಪ್ಪಾಯಿತು ಪವಿ, ನಿನ್ನ ಕಾಲಿಗೆ ಬೀಳ್ತೀನಿ, ಒಂದು ಮಾತು ಬೈದುಬಿಡು ಎಂದು ಜನರ ನಡುವೆಯೇ ಅತ್ತೆ. ಅವಳು ನನ್ನ ಮಾತು ಮುಗಿಯುವ ತನಕ ನಿಂತಿದ್ದಳು. ಬಸ್ಸು ಬಂತು, ಹತ್ತಿ ಹೋದಳು. ದಿವ್ಯ, ಆಯಿಷಾ ಇಬ್ಬರೂ ಅವಳ ಹತ್ತಿರ ನನ್ನ ಪರ ವಾದ ಮಾಡಿದರು. ಮೇಡಂ ಒಂದು ದಿನ ನಮ್ಮಿಬ್ಬರನ್ನೇ ಕೂರಿಸಿ ಕಾಫಿ ತರಿಸಿದರು. ಕಾಫಿ ಆರಿತು. "ನಂಗೆ ಸಿಟ್ಟಿಲ್ಲ ಮೇಡಂ, ಮಾತು ಬರಲ್ಲ ಅಷ್ಟೇ" ಎಂದು ಪವಿ ಮೇಡಂಗೆ ಹೇಳಿದಳು, ನನಗಲ್ಲ.

ಆದರೆ ಆಟ ಬಿಡಲಿಲ್ಲ. ಮೊದಲ ದಿನ ಅವಳು ಅಭ್ಯಾಸಕ್ಕೆ ಬಂದಾಗ ನನಗೆ ಚೆಂಡು ಕೊಡುತ್ತಾಳೋ ಇಲ್ಲವೋ ಎಂದು ಅವಳ ಕೈಯನ್ನೇ ನೋಡುತ್ತಿದ್ದೆ. ಮೇಡಂ ಸೀಟಿ ಊದಿದ್ದೇ ತಡ, "ರಂಜಿ, ಎಡಕ್ಕೆ!" ಎಂದು ಕೂಗಿದಳು. ಎಡಕ್ಕೆ ಓಡಿದೆ. ಚೆಂಡು ಮೊದಲಿನ ಹಾಗೇ ಕೈಗೇ ಬಂತು. "ರಂಜಿ, ಹಿಂದೆ!" "ರಂಜಿ, ಹಾಕು!" ಸೀಟಿ ನಿಂತಿತು, ಅವಳ ಮಾತೂ ನಿಂತಿತು. ಚಪ್ಪಲಿ ಮೆಟ್ಟಿ, ನನ್ನ ಪಕ್ಕದಲ್ಲೇ ಹಾದು, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಹೊರಟುಹೋದಳು.

ಆಮೇಲಿನ ನಾಲ್ಕು ತಿಂಗಳು ಹೀಗೇ ಕಳೆದವು. ನನ್ನ ಹೆಸರು ಅವಳ ಬಾಯಲ್ಲಿ ಬರುತ್ತಿದ್ದದ್ದು ಆ ಒಂದು ಗಂಟೆ ಮಾತ್ರ. ಜ್ವರ ಇದ್ದರೂ ಅಭ್ಯಾಸಕ್ಕೆ ಹೋದೆ. ನಮ್ಮ ನೆಂಟರ ಮದುವೆಯ ದಿನವೂ ಹೋದೆ. "ಓದೋದ್ ಬುಟ್ಟು ಬುಟ್ಟಿ ಇಡ್ಕೊಂಡವ್ಳೆ" ಎಂದು ಅವ್ವ ಗೊಣಗುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು, ಇವತ್ತು ಏನೇನು ಹೇಳಿದಳು ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಎಡಕ್ಕೆ, ಹಿಂದೆ, ಹಾಕು, ಬಾ. ಅಷ್ಟನ್ನೇ ಹೊಟ್ಟೆಗೆ ಹಾಕಿಕೊಂಡು ಮಲಗುತ್ತಿದ್ದೆ. ಪ್ರೀತಿಯ ಹುಚ್ಚು ಅಂತಾರಲ್ಲ, ಗೆಳತಿಯ ಮೇಲೂ ಅದು ಹಿಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಬಿಸಿಲು ಏರಿದ ಮೇಲೆ ಶ್ರೀರಂಗಪಟ್ಟಣದಲ್ಲಿ ನಮ್ಮ ಕೊನೆಯ ಪಂದ್ಯ ಬಂತು. ಆಯಿಷಾಳ ಊರು. ಅವಳ ಅಮ್ಮ ತಂಡಕ್ಕೆಲ್ಲ ನಿಂಬೆ ಷರಬತ್ತು ಮಾಡಿ ತಂದಿದ್ದರು. ಅದಾದ ಮೇಲೆ ಪರೀಕ್ಷೆ, ಆಮೇಲೆ ಅವರವರ ಊರು. ಪವಿಗೆ ಇದು ಕೊನೆಯ ಆಟ ಎಂದು ಎಲ್ಲರಿಗೂ ಗೊತ್ತಿತ್ತು, ಮದುವೆ ಗೊತ್ತಾಗಿತ್ತು. ಈ ಸಲ ಅವಳೇ ಒಪ್ಪಿದ್ದಳಂತೆ. ಕೊನೆಯ ಕ್ವಾರ್ಟರಿನಲ್ಲಿ ಆರು ನಿಮಿಷ ಉಳಿದಿದ್ದಾಗ ನಾವು ಒಂಬತ್ತು ಪಾಯಿಂಟ್ ಮುಂದಿದ್ದೆವು. ದಿವ್ಯಳ ಮುಖದಲ್ಲಿ ಆಗಲೇ ಗೆದ್ದ ನಗು. ನಾನು ಗಡಿಯಾರ ನೋಡಿದೆ. ಆರು ನಿಮಿಷ ಆದರೆ ಅವಳ ಮಾತು ಮುಗಿಯಿತು.

ಅಷ್ಟರಲ್ಲಿ ಎದುರಿನ ಹುಡುಗಿಯ ತೋಳಿಗೆ ನನ್ನ ಕೈ ತಗುಲಿತು. ಬೇಕೆಂದು ಮಾಡಿದ್ದಲ್ಲ. ಅಂಪೈರು ಸೀಟಿ ಊದಿ ಫೌಲ್ ಎಂದರು. ಗಡಿಯಾರ ನಿಂತಿತು. ಪವಿ ಹತ್ತಿರ ಬಂದು, "ರಂಜಿ, ಕೈ ಮೇಲಿಟ್ಕೊ, ಮುಟ್ಟಬೇಡ" ಎಂದಳು. ಇಷ್ಟುದ್ದದ ಮಾತು ನಾಲ್ಕು ತಿಂಗಳಲ್ಲಿ ಇದೇ ಮೊದಲು. ನನಗೆ ತಲೆ ಕೆಟ್ಟಿತು. ಫೌಲಾದರೆ ಗಡಿಯಾರ ನಿಲ್ಲುತ್ತದೆ, ಗಡಿಯಾರ ನಿಂತರೆ ಆಟ ಮುಗಿಯುವುದಿಲ್ಲ, ಅವಳು ನನ್ನ ಹತ್ತಿರ ಬರುತ್ತಾಳೆ, ಇಷ್ಟೇ ತೋಚಿದ್ದು. ಮುಂದಿನ ಸಲ ಬೇಕೆಂದೇ ಎದುರಿನವಳ ಸೊಂಟಕ್ಕೆ ಕೈ ಹಾಕಿದೆ. ಮತ್ತೆ ಸೀಟಿ. "ರಂಜಿ, ನಿಧಾನ, ಗೆಲ್ತಾ ಇದೀವಿ ಕಣೆ" ಎಂದಳು ಪವಿ. ಕಣೆ ಅಂದಳು! ಇನ್ನೊಂದು ಸಲ, ಇನ್ನೊಂದೇ ಒಂದು ಸಲ ಎಂದು ಒಬ್ಬಳನ್ನು ಹಿಡಿದು ಎಳೆದೆ.

ಅಂಪೈರು ಐದು ಬೆರಳು ಎತ್ತಿ ತೋರಿಸಿದರು. ಐದು ಫೌಲಾದರೆ ಹೊರಗೆ ಎಂಬುದು ಚೆಂಡು ಹಿಡಿಯಲು ಕಲಿತ ಮೊದಲ ವಾರವೇ ಗೊತ್ತಾಗುವ ವಿಷಯ. ಮೊದಲಾರ್ಧದಲ್ಲಿ ಆಗಿದ್ದ ಎರಡರಲ್ಲಿ ಒಂದನ್ನು ನಾನು ಮರೆತೇಬಿಟ್ಟಿದ್ದೆ. ಬೆಂಚಿಗೆ ಬಂದು ಕೂತೆ. "ಗೆಲ್ತಿರೋ ಆಟದಲ್ಲಿ ಯಾರಾದ್ರೂ ಹಿಂಗೆ ಫೌಲ್ ಮಾಡ್ತಾರೇನೇ? ಏನಾಗಿತ್ತು ನಿಂಗೆ?" ಎಂದು ಮೇಡಂ ರೇಗಿದರು. ನನ್ನ ಜಾಗಕ್ಕೆ ಶಿಲ್ಪ ಎಂಬ ಮೊದಲ ವರ್ಷದ ಹುಡುಗಿ ಹೋದಳು. ನಾಲ್ಕು ನಿಮಿಷ ಉಳಿದಿತ್ತು. ಆ ನಾಲ್ಕು ನಿಮಿಷದಲ್ಲಿ ಪವಿ ಅವಳನ್ನು ಹದಿನಾಲ್ಕು ಸಲ ಕರೆದಳು. ಶಿಲ್ಪ ಎಡಕ್ಕೆ, ಶಿಲ್ಪ ಬಾ, ಶಿಲ್ಪ ಹಾಕು. ನಾನು ಒಂದೊಂದನ್ನೂ ಎಣಿಸಿದೆ. ಆ ಹದಿನಾಲ್ಕೂ ನನಗೆ ಬರಬೇಕಾಗಿದ್ದವು.